ನಡುವೆ ಒಣ, ಮೂಲೆಯಲ್ಲಿ ಕೆಸರು: ಒಂದು ಹುಲ್ಲುಹಾಸಿನ ನೀರಿನ ಆಡಿಟ್

ಒಂದು ವಸತಿ ಸಮುಚ್ಚಯದ ಹುಲ್ಲುಹಾಸು. ಐದು ಝೋನ್ (ಒಂದೊಂದು ವಾಲ್ವಿನಿಂದ ನೀರು ಪಡೆಯುವ ಭಾಗ), ಗೋಡೆಗೆ ಹಾಕಿದ ಒಂದು ಟೈಮರ್, ತೊಟ್ಟಿಯಿಂದ ನೀರೆತ್ತುವ ಒಂದು ಪ್ರೆಷರ್ ಪಂಪ್. ದೂರು ಇದ್ದಿದ್ದು ಮೂರನೇ ಝೋನಿನ ಬಗ್ಗೆ. ಉದ್ದ, ಅಗಲ ಎರಡೂ 18 ಮೀಟರ್ ಇರುವ ಚೌಕ ಅದು. ನಟ್ಟನಡುವೆ ಹುಲ್ಲು ಒಣಗಿ ಕಂದು ಬಣ್ಣಕ್ಕೆ ತಿರುಗಿದೆ. ಮೂಲೆಗಳಲ್ಲಿ ಕಾಲಿಟ್ಟರೆ ಪಚಪಚ ಅನ್ನುತ್ತದೆ. ಟೈಮರಿನಲ್ಲಿ ಮೊದಲು ದಿನಕ್ಕೆ 20 ನಿಮಿಷ ಇತ್ತಂತೆ. ಒಣಗಿದ್ದು ಕಂಡು 30 ಮಾಡಿದರು, ಆಮೇಲೆ 40. ಒಣ ಮಚ್ಚೆ ಇದ್ದ ಹಾಗೇ ಇತ್ತು, ಕೆಸರು ಮಾತ್ರ ಜಾಸ್ತಿಯಾಯಿತು.

ನಮ್ಮನ್ನು ಕರೆಸಿದವರು ಕೇಳಿದ್ದು ಇಷ್ಟೇ: ಸ್ಪ್ರಿಂಕ್ಲರ್ ರಿಪೇರಿ ಮಾಡಿ, ಎಷ್ಟು ನಿಮಿಷ ಬಿಡಬೇಕು ಅಂತ ಹೇಳಿ. ಸಂಘದ ಕಾರ್ಯದರ್ಶಿಗೆ ಅದು ಹುಲ್ಲಿನ ರೋಗ ಅನ್ನುವ ಅನುಮಾನ. ಮಾಲಿಗೆ ಅಂಥ ಅನುಮಾನವೇ ಇಲ್ಲ. "ಸಾರ್, ಒಂದು ಗಂಟೆ ಬಿಟ್ಟು ನೋಡಿ, ಹಸಿರಾಗದಿದ್ರೆ ಆಮೇಲೆ ಕೇಳಿ" ಅಂದರು. ಅವರ ಮಾತನ್ನು ತಳ್ಳಿಹಾಕುವ ಹಾಗಿರಲಿಲ್ಲ. ನಡುಭಾಗಕ್ಕೆ ನೀರು ಸಾಲುತ್ತಿರಲಿಲ್ಲ ಅನ್ನೋದು ನಿಜ. ಆದರೆ ಟೈಮರಿನಲ್ಲಿ ನಿಮಿಷ ಏರಿಸಿದರೆ ನೀರು ಏರುವುದು ನಡುಭಾಗಕ್ಕೆ ಮಾತ್ರ ಅಲ್ವಲ್ಲ.

ಮೊದಲು ಒಂದು ಉದ್ದನೆಯ ಸ್ಕ್ರೂಡ್ರೈವರ್ ತಗೊಂಡು ನೆಲಕ್ಕೆ ಚುಚ್ಚುತ್ತಾ ಹೋದೆವು. ಒಣ ಮಚ್ಚೆಯಲ್ಲಿ ಅದು ಎರಡು ಬೆರಳಿನಷ್ಟು ಇಳಿದು ನಿಂತಿತು. ಮೂಲೆಯಲ್ಲಿ ಹಿಡಿಯವರೆಗೂ ಇಳಿಯಿತು. ಎಳೆದಾಗ ಅಂಟಿಕೊಂಡು ಬಂದ ಮಣ್ಣು ಕೊಳೆತ ವಾಸನೆ ಹೊಡೆಯುತ್ತಿತ್ತು. ರೋಗಕ್ಕೆ ಔಷಧಿ ಹುಡುಕುವ ಮೊದಲು ಯಾರು ಬೇಕಾದರೂ ಇಷ್ಟು ಮಾಡಿ ನೋಡಬಹುದು. ಒಂದೇ ವಾಲ್ವಿನಿಂದ, ಒಂದೇ ಹೊತ್ತು ನೀರು ಕುಡಿಯುವ ನೆಲ ಒಂದು ಕಡೆ ಕಲ್ಲು, ಇನ್ನೊಂದು ಕಡೆ ಕೆಸರು ಆಗಿದೆ ಅಂದರೆ ತೊಂದರೆ ನೀರಿನ ಮೊತ್ತದ್ದಲ್ಲ, ಹಂಚಿಕೆಯದು.

ಹಂಚಿಕೆಗೆ ಕೈ ಹಾಕುವ ಮೊದಲು ಸೋರಿಕೆ ಇದೆಯಾ ಅಂತ ನೋಡಬೇಕಿತ್ತು. ಪಂಪ್ ಮನೆಯ ಪಕ್ಕದಲ್ಲಿರುವವರು ಒಂದು ಮಾತು ಹೇಳಿದ್ದರು: ರಾತ್ರಿ ಯಾರೂ ಮುಟ್ಟದಿದ್ದರೂ ಪಂಪ್ ಆಗಾಗ ತಾನಾಗೇ ಆನ್ ಆಗುತ್ತದೆ. ಪ್ರೆಷರ್ ಪಂಪ್ ಹಾಗೆ ಎದ್ದು ಕೂರುವುದು ಲೈನಿನಲ್ಲಿ ಒತ್ತಡ ಇಳಿದಾಗ. ಎಲ್ಲ ಝೋನ್ ಬಂದ್ ಇರುವಾಗಲೂ ಒತ್ತಡ ಇಳಿಯುತ್ತಿದೆ ಅಂದರೆ ನೀರು ಎಲ್ಲಿಗೋ ಹೋಗುತ್ತಿದೆ. ಟೈಮರ್ ಆಫ್ ಮಾಡಿ, ತೋಟದ ಲೈನಿನ ಮೀಟರ್ ಓದಿಕೊಂಡು, 30 ನಿಮಿಷ ಬಿಟ್ಟು ಮತ್ತೆ ಓದಿದೆವು. 24 ಲೀಟರ್ ಮುಂದಕ್ಕೆ ಹೋಗಿತ್ತು. ನಿಮಿಷಕ್ಕೆ 0.8 ಲೀಟರ್ ಕೇಳೋಕೆ ಏನೂ ಅಲ್ಲ. ದಿನಕ್ಕೆ ಅದು 1,152 ಲೀಟರ್.

ಎಲ್ಲಿ ಅಂತ ಹುಡುಕಲು ಕಷ್ಟವಾಗಲಿಲ್ಲ. ಎರಡನೇ ಝೋನಿನಲ್ಲಿ ಎಲ್ಲಕ್ಕಿಂತ ತಗ್ಗಿನಲ್ಲಿರುವ ಹೆಡ್ಡಿನ, ಅಂದರೆ ನೀರು ಚಿಮ್ಮುವ ಸ್ಪ್ರಿಂಕ್ಲರ್ ತಲೆಯ, ಸುತ್ತ ಪಾಚಿ ಕಟ್ಟಿತ್ತು. ಇಲ್ಲಿ ಅವಸರಪಟ್ಟರೆ ಕೆಲಸ ಕೆಡುತ್ತದೆ. ತಗ್ಗಿನ ಹೆಡ್ಡಿನಲ್ಲಿ ನೀರು ಒಸರಲು ಎರಡು ಕಾರಣ ಇರಬಹುದು. ಝೋನ್ ಬಂದ್ ಆದ ಮೇಲೆ ಪೈಪಿನಲ್ಲಿ ಉಳಿದ ನೀರು ಇಳಿಜಾರಿಗೆ ಹರಿದು ಅಲ್ಲಿಂದ ಬರುವುದು ಒಂದು. ಅದು ಪೈಪ್ ಖಾಲಿಯಾದ ಮೇಲೆ ತಾನೇ ನಿಲ್ಲುತ್ತದೆ. ಒಳಗೆ ಚೆಕ್ ವಾಲ್ವ್ (ಉಳಿದ ನೀರು ಹೊರಹೋಗದಂತೆ ತಡೆಯುವ ಮುಚ್ಚಳ) ಇರುವ ಹೆಡ್ ಹಾಕಿದರೆ ಸರಿ. ಇನ್ನೊಂದು, ವಾಲ್ವೇ ಪೂರ್ತಿ ಮುಚ್ಚದಿರುವುದು. ಆಗ ಒಸರು ನಿಲ್ಲುವುದೇ ಇಲ್ಲ. ಈ ಹೆಡ್ ಬೆಳಗ್ಗೆ ನೋಡಿದಾಗಲೂ ಒಸರುತ್ತಿತ್ತು, ಮಧ್ಯಾಹ್ನವೂ ಒಸರುತ್ತಿತ್ತು. ಮೀಟರ್ ಬೇರೆ ಓಡುತ್ತಿತ್ತು. ಅಲ್ಲಿಗೆ ಅದು ವಾಲ್ವಿನದೇ ದೋಷ. ಪಾಪ, ಆ ಹೆಡ್ಡನ್ನು ಆಗಲೇ ಒಂದು ಸಲ ಬದಲಾಯಿಸಿದ್ದರು.

ವಾಲ್ವಿನ ಮುಚ್ಚಳ ಬಿಚ್ಚಿದಾಗ ಡಯಾಫ್ರಾಮಿನ, ಅಂದರೆ ನೀರಿನ ದಾರಿ ಮುಚ್ಚುವ ಪೊರೆಯ, ರಬ್ಬರ್ ಚೆನ್ನಾಗೇ ಇತ್ತು. ಅದು ಕೂರುವ ಅಂಚಿನ ಮೇಲೆ ಒಂದು ಮರಳಿನ ಹರಳು, ಪಕ್ಕದಲ್ಲಿ ನೀಲಿ ಪಿವಿಸಿಯ ಸಣ್ಣ ಚೂರು. ಪೈಪ್ ಕತ್ತರಿಸಿದಾಗ ಬಿದ್ದ ಚೂರು ಅದು. ಎರಡನ್ನೂ ತೆಗೆದು, ಅಂಚನ್ನು ಬಟ್ಟೆಯಿಂದ ಒರೆಸಿ, ಲೈನನ್ನು ಒಮ್ಮೆ ಜೋರಾಗಿ ಬಿಟ್ಟು ತೊಳೆದು ಮುಚ್ಚಿದೆವು. ಮೀಟರ್ ನಿಂತಿತು. ಹೊಸ ವಾಲ್ವ್ ಬೇಕಾಗಲಿಲ್ಲ.

ನಾಲ್ಕನೇ ಝೋನಿನ ಕತೆ ಬೇಗ ಮುಗಿಯುವಂಥದ್ದು. ಅದು ಟೈಮರಿನಿಂದ ಆನ್ ಆಗುತ್ತಿರಲಿಲ್ಲ, ಮಾಲಿ ಪೈಪ್ ಹಿಡಿದು ನೀರು ಹಾಕುತ್ತಿದ್ದರು. ಸೊಲೆನಾಯ್ಡನ್ನು (ಕರೆಂಟ್ ಬಂದಾಗ ವಾಲ್ವ್ ತೆರೆಯುವ ಕಾಯಿಲ್) ಕೈಯಲ್ಲಿ ಕಾಲು ಸುತ್ತು ಸಡಿಲ ಮಾಡಿದರೆ ನೀರು ಬರುತ್ತಿತ್ತು. ಅಂದರೆ ವಾಲ್ವ್ ಸರಿಯಿದೆ, ತೊಂದರೆ ಕರೆಂಟಿನದು. ಟೈಮರ್ ಬಳಿ ಮಲ್ಟಿಮೀಟರ್ ಇಟ್ಟರೆ ಉಳಿದ ಝೋನ್‌ಗಳು 38 ಓಮ್‌ನ ಆಸುಪಾಸು ತೋರಿಸಿದವು. 24 ವೋಲ್ಟಿನ ಸೊಲೆನಾಯ್ಡಿಗೆ 20ರಿಂದ 60 ಓಮ್ ಇದ್ದರೆ ಆರೋಗ್ಯ. ನಾಲ್ಕನೆಯದಕ್ಕೆ ಮಾತ್ರ ಮೀಟರ್ ಏನೂ ಓದಲಿಲ್ಲ, ಲೈನ್ ಕಟ್ ಆಗಿದೆ. ವಾಲ್ವ್ ಬಾಕ್ಸಿನಲ್ಲಿ ನೇರವಾಗಿ ಸೊಲೆನಾಯ್ಡಿಗೇ ಇಟ್ಟಾಗ 37 ಬಂತು. ನಡುವೆ ಎಲ್ಲೋ ವೈರ್ ಹೋಗಿದೆ ಎಂದಾಯಿತು. ಟೇಪ್ ಸುತ್ತಿದ ಜಾಯಿಂಟ್ ಬಿಚ್ಚಿದರೆ ತಾಮ್ರ ಹಸಿರಾಗಿ ಪುಡಿಯಾಗಿತ್ತು. ಮಣ್ಣಿನೊಳಗಿನ ಜಾಯಿಂಟಿಗೆ ಬರೀ ಟೇಪ್ ಸಾಲದು, ಒಳಗೆ ಗ್ರೀಸ್ ತುಂಬಿದ ವಾಟರ್‌ಪ್ರೂಫ್ ಕನೆಕ್ಟರೇ ಬೇಕು. ಹಾಕಿದೆವು, ಓಡಿತು.

ಈಗ ಮೂರನೇ ಝೋನ್. ಇಲ್ಲಿರುವುದು ತಿರುಗುವ ಹೆಡ್‌ಗಳು, ರೋಟರ್ ಅನ್ನುತ್ತಾರೆ. 9 ಮೀಟರಿಗೊಂದರಂತೆ ಮೂರು ಸಾಲು, ಸಾಲಿಗೆ ಮೂರು, ಒಟ್ಟು ಒಂಬತ್ತು. ನಾಲ್ಕು ಮೂಲೆಯವು 90 ಡಿಗ್ರಿ ತಿರುಗುತ್ತವೆ, ಬದಿಯ ನಾಲ್ಕು 180, ನಡುವಿನದು ಪೂರ್ತಿ ಸುತ್ತು. ಒಂದು ಹೆಡ್ಡಿನ ನೀರು ಪಕ್ಕದ ಹೆಡ್ಡಿನ ಬುಡಕ್ಕೆ ತಲುಪಬೇಕು ಅನ್ನುವುದು ಈ ಕೆಲಸದ ಮೊದಲ ನಿಯಮ. 9 ಮೀಟರ್ ಅಂತರ, 9 ಮೀಟರ್ ಎಸೆತ. ನಕ್ಷೆ ಮಾಡಿದವರು ಅದನ್ನು ಸರಿಯಾಗೇ ಮಾಡಿದ್ದರು.

ಒತ್ತಡದ್ದು ಏನಾದರೂ ತಕರಾರಾ ಅಂತ ನೋಡಿದೆವು. ನೀರು ಚಿಮ್ಮುವ ಬಾಯಿಗೇ ಧಾರೆಯ ಒತ್ತಡ ಅಳೆಯುವ ಪಿಟೊ ಗೇಜ್ ಹಿಡಿದಾಗ ವಾಲ್ವಿಗೆ ಹತ್ತಿರದ ಹೆಡ್ಡಿನಲ್ಲಿ 3.1 ಬಾರ್, ದೂರದ್ದರಲ್ಲಿ 2.9. ರೋಟರಿಗೆ 3 ಬಾರ್ ಸುತ್ತಮುತ್ತ ಇರಬೇಕು, ಇದೆ. ಇಲ್ಲೇ ಹಲವರು ಕೈ ಚೆಲ್ಲುತ್ತಾರೆ. ಒತ್ತಡ ಸರಿ, ಅಂತರ ಸರಿ, ಹೆಡ್ ತಿರುಗುತ್ತಿದೆ, ಇನ್ನೇನು?

ನಾಝಲ್, ಅಂದರೆ ಹೆಡ್ಡಿನಿಂದ ನೀರು ಹೊರಬರುವ ತೂತಿನ ತುಂಡು. ಒಂದೊಂದನ್ನೇ ಬಿಚ್ಚಿ ಅಂಗೈ ಮೇಲೆ ಇಟ್ಟು ನೋಡಿದರೆ ಎಲ್ಲದರ ಮೇಲೂ ಒಂದೇ ನಂಬರ್, ನಿಮಿಷಕ್ಕೆ 6.8 ಲೀಟರ್ ಬಿಡುವಂಥದ್ದು. ಪ್ಯಾಕಿನಲ್ಲಿ ಬಂದಿದ್ದನ್ನೇ ಎಲ್ಲ ಹೆಡ್ಡಿಗೂ ಹಾಕಿದ್ದಾರೆ. ಎಲ್ಲರಿಗೂ ಸಮಪಾಲು ಅಂತ ಮೇಲ್ನೋಟಕ್ಕೆ ಅನ್ನಿಸುತ್ತದೆ. ರೋಟರಿನಲ್ಲಿ ಅದು ಸಮಪಾಲಲ್ಲ. ಎಲ್ಲ ಹೆಡ್ಡೂ ತಿರುಗುವ ವೇಗ ಹೆಚ್ಚುಕಡಿಮೆ ಒಂದೇ. ಮೂಲೆಯದು ಕಾಲು ಸುತ್ತು ಹೋಗಿ ವಾಪಸು ಬರುತ್ತದೆ. ನಡುವಿನದು ಪೂರ್ತಿ ಸುತ್ತು ಹಾಕಬೇಕು. ನಡುವಿನದು ಒಂದು ಜಾಗಕ್ಕೆ ಒಮ್ಮೆ ನೀರು ಹಾಕುವಷ್ಟರಲ್ಲಿ ಮೂಲೆಯದು ತನ್ನ ಜಾಗಕ್ಕೆ ನಾಲ್ಕು ಸಲ ಹಾಕಿರುತ್ತದೆ. ಹಾಗಾಗಿ ಸಮ ಆಗಬೇಕಾದರೆ ನಾಝಲ್ 1, 2, 4ರ ಲೆಕ್ಕದಲ್ಲಿ ಇರಬೇಕು: ಮೂಲೆಗೆ 3.4 ಲೀಟರ್, ಬದಿಗೆ 6.8, ನಡುವಿಗೆ 13.6. ಈಗಿರುವ ವ್ಯವಸ್ಥೆಯಲ್ಲಿ ಮೂಲೆಗೆ ಬೇಕಾದ್ದರ ಎರಡರಷ್ಟು ಬೀಳುತ್ತಿತ್ತು, ನಡುವಿಗೆ ಅರ್ಧ.

ಇದರ ಮೇಲೆ ಇನ್ನೆರಡು. ಬದಿಯ ಒಂದು ರೋಟರ್ ಯಾವಾಗಲೋ ಒಡೆದಿದೆ, ಅದರ ಜಾಗದಲ್ಲಿ ತಿರುಗದ ಸ್ಪ್ರೇ ಹೆಡ್ ಹಾಕಿದ್ದಾರೆ. ಕೈಗೆ ಸಿಕ್ಕಿದ್ದು ಅದು. ಸ್ಪ್ರೇ ಹೆಡ್ ಎಸೆಯುವುದು ನಾಲ್ಕೂವರೆ ಮೀಟರ್, ಗಂಟೆಗೆ ಬೀಳಿಸುವುದು 40 ಮಿ.ಮೀ.ನಷ್ಟು. ರೋಟರ್ ಬೀಳಿಸುವುದು ಅದರ ಕಾಲು ಭಾಗ. ಅದರ ಬುಡ ಕೊಳೆಯುತ್ತದೆ, ನಾಲ್ಕೂವರೆ ಮೀಟರಿನಾಚೆ ಒಂದು ಹನಿಯೂ ಇಲ್ಲ. ಸ್ಪ್ರೇ ಮತ್ತು ರೋಟರ್ ಒಂದೇ ವಾಲ್ವಿನ ಮೇಲೆ ಇರಲೇಬಾರದು. ಎರಡಕ್ಕೂ ಒಪ್ಪುವ ನಿಮಿಷ ಅನ್ನೋದು ಇಲ್ಲವೇ ಇಲ್ಲ. ಇನ್ನೊಂದು ಹೆಡ್ ಹುಲ್ಲು ಕತ್ತರಿಸುವ ಯಂತ್ರದ ಚಕ್ರಕ್ಕೆ ಸಿಕ್ಕಿ ವಾಲಿತ್ತು. ಅರ್ಧ ಸುತ್ತಿನಲ್ಲಿ ನೆಲಕ್ಕೆ ಗುದ್ದುತ್ತಿತ್ತು, ಉಳಿದರ್ಧದಲ್ಲಿ ಆಕಾಶಕ್ಕೆ ಎಸೆಯುತ್ತಿತ್ತು.

ಆಡಿಟ್ ಕಲಿಸುವವರು ಹೇಳುವ ಕ್ರಮ ಎಂದರೆ ಕಣ್ಣಿಗೆ ಕಾಣುವ ದೋಷಗಳನ್ನೆಲ್ಲ ಮೊದಲು ರಿಪೇರಿ ಮಾಡು, ಆಮೇಲೆ ಅಳೆ. ಒಡೆದ ಹೆಡ್ಡಿನ ನೀರು ಅಳೆದು ಏನು ಉಪಯೋಗ? ನನಗೂ ಅದೇ ಸರಿ ಅನ್ನಿಸುತ್ತದೆ. ಆದರೆ ಇಲ್ಲಿ ಇದ್ದ ಹಾಗೇ ಒಮ್ಮೆ ಅಳೆದೆವು. ನಿಮಿಷ ಏರಿಸಿದರೆ ಸರಿಹೋಗುತ್ತದೆ ಅಂತ ನಂಬಿದವರ ಮುಂದೆ ನಾಝಲ್ ಹಿಡಿದು ಭಾಷಣ ಮಾಡುವುದಕ್ಕಿಂತ ಡಬ್ಬಿಗಳ ಸಾಲು ತೋರಿಸುವುದು ಸುಲಭ.

24 ಡಬ್ಬಿ, ಎಲ್ಲ ಒಂದೇ ಅಳತೆಯವು, ಬಾಯಿಯ ವಿಸ್ತೀರ್ಣ 100 ಚದರ ಸೆಂ.ಮೀ. ಈ ಅಳತೆಯಿದ್ದರೆ ಲೆಕ್ಕ ಹಗುರ: ಡಬ್ಬಿಯಲ್ಲಿ 10 ಮಿ.ಲೀ. ಬಿದ್ದರೆ ನೆಲಕ್ಕೆ 1 ಮಿ.ಮೀ. ನೀರು ಬಿದ್ದ ಹಾಗೆ. ಹೆಡ್‌ಗಳ ಹತ್ತಿರ ಕೆಲವು, ಹೆಡ್‌ಗಳ ನಡುವೆ ಕೆಲವು ಇಟ್ಟೆವು. ಹೊತ್ತು ಮೂಡುವ ಮುಂಚೆ, ಗಾಳಿ ಇಲ್ಲದಾಗ. ಗಂಟೆಗೆ 8 ಕಿ.ಮೀ.ಗಿಂತ ಜಾಸ್ತಿ ಗಾಳಿ ಇದ್ದರೆ ಅಳತೆಗೆ ಅರ್ಥ ಇರೋದಿಲ್ಲ. ರೋಟರ್ ಹಲವು ಸುತ್ತು ಹಾಕಲಿ ಅಂತ 30 ನಿಮಿಷ ಬಿಟ್ಟೆವು.

ಡಬ್ಬಿಗಳ ಸರಾಸರಿ 52 ಮಿ.ಲೀ. ಬಂತು. ಅಂದರೆ 5.2 ಮಿ.ಮೀ., ಗಂಟೆಗೆ 10.4. ಸರಾಸರಿ ನೋಡಿದರೆ ಯಾವ ದೂರೂ ಇಲ್ಲ! ಮೂಲೆಯ ಒಂದು ಡಬ್ಬಿಯಲ್ಲಿ 96 ಇತ್ತು. ನಡುಭಾಗದ್ದರಲ್ಲಿ 14. ಕಡಿಮೆ ಬಂದ ಕಾಲು ಭಾಗ, ಅಂದರೆ ಆರು ಡಬ್ಬಿ: 14, 17, 20, 23, 26, 30. ಇವುಗಳ ಸರಾಸರಿ 21.7. ಇದನ್ನು ಒಟ್ಟು ಸರಾಸರಿಯಿಂದ ಭಾಗಿಸಿದರೆ 0.42. ಆಡಿಟ್‌ನಲ್ಲಿ ಡಿಯು ಅನ್ನುವ ಅಂಕ ಇದೇ, ಡಿಸ್ಟ್ರಿಬ್ಯೂಷನ್ ಯೂನಿಫಾರ್ಮಿಟಿ. 1 ಬಂದರೆ ಎಲ್ಲೆಡೆ ಸಮ, ಆದರೆ ಅದು ಯಾವ ತೋಟದಲ್ಲೂ ಬರುವುದಿಲ್ಲ. ರೋಟರಿನಲ್ಲಿ 0.70 ದಾಟಿದರೆ ಒಳ್ಳೆಯದು. 0.42ಕ್ಕೆ ಸಮಜಾಯಿಷಿ ಕೊಡುವುದು ಕಷ್ಟ.

ಮಾಲಿ ಡಬ್ಬಿಗಳ ಸಾಲಿನ ಉದ್ದಕ್ಕೂ ನಡೆದು 96ರ ಡಬ್ಬಿಯನ್ನೂ 14ರ ಡಬ್ಬಿಯನ್ನೂ ಎರಡು ಕೈಯಲ್ಲಿ ಎತ್ತಿ ಹಿಡಿದರು. "ಎರಡೂ ಅರ್ಧ ಗಂಟೇದೇನಾ ಸಾರ್?" ಅಂದರು. ಹೌದು, ಅದೇ ಅರ್ಧ ಗಂಟೆಯದು. ಒಂದು ಗಂಟೆ ಬಿಡುವ ಮಾತು ಅವರಿಂದ ಮತ್ತೆ ಬರಲಿಲ್ಲ.

ಇಲ್ಲಿಂದ ಮುಂದಿನದು ಲೆಕ್ಕ, ಆದರೆ ತಿರುಳು ಇರುವುದೂ ಅದರಲ್ಲೇ. ಬಿಸಿಲು, ಗಾಳಿ, ತೇವ ಎಲ್ಲ ಸೇರಿ ಆ ದಿನಗಳಲ್ಲಿ ನೀರು ಆರಿಹೋಗುವ ಲೆಕ್ಕ ದಿನಕ್ಕೆ 5 ಮಿ.ಮೀ. ಅಂತ ಇಟ್ಟುಕೊಂಡೆವು. ಬರ್ಮುಡಾದಂಥ ಬಿಸಿಲು ತಡೆಯುವ ಹುಲ್ಲಿಗೆ ಅದರ 0.6 ಭಾಗ ಕೊಟ್ಟರೆ ಸಾಕು, ಅಂದರೆ 3 ಮಿ.ಮೀ. ಮೂರು ದಿನಕ್ಕೊಮ್ಮೆ ಬಿಟ್ಟರೆ ಒಂದು ಸಲಕ್ಕೆ 9 ಮಿ.ಮೀ. ಅವರು ಬಿಡುತ್ತಿದ್ದದ್ದು ದಿನಕ್ಕೆ 40 ನಿಮಿಷ, ಮೂರು ದಿನಕ್ಕೆ 120. ಆ 120 ನಿಮಿಷದಲ್ಲಿ 96ರ ಡಬ್ಬಿಯ ಜಾಗಕ್ಕೆ 38 ಮಿ.ಮೀ. ಬೀಳುತ್ತದೆ, ಬೇಕಾದ್ದರ ನಾಲ್ಕು ಪಟ್ಟಿಗಿಂತ ಜಾಸ್ತಿ. 14ರ ಡಬ್ಬಿಯ ಜಾಗಕ್ಕೆ 5.6. ಹೊಳೆಯಂತೆ ನೀರು ಸುರಿದರೂ ನಡುಭಾಗ ಹಸಿವಿನಿಂದಲೇ ಇತ್ತು.

ಹಂಚಿಕೆ ಕೆಟ್ಟಷ್ಟೂ ನಿಮಿಷ ಏರಿಸಬೇಕಾಗುತ್ತದೆ. ಎಷ್ಟು ಅನ್ನುವುದಕ್ಕೆ ಅಮೆರಿಕದ ಇರಿಗೇಷನ್ ಅಸೋಸಿಯೇಷನ್ ಎಂಬ ನೀರಾವರಿ ಸಂಸ್ಥೆ ತನ್ನ ಆಡಿಟರ್‌ಗಳಿಗೆ ಕಲಿಸುವ ಒಂದು ಸೂತ್ರ ಇದೆ: ಡಿಯುವನ್ನು 0.6ರಿಂದ ಗುಣಿಸಿ, 0.4 ಕೂಡಿಸಿ, 1ನ್ನು ಅದರಿಂದ ಭಾಗಿಸಿ. 0.42ಕ್ಕೆ ಉತ್ತರ 1.53. ಅಂದರೆ 9 ಮಿ.ಮೀ.ಗೆ ಬೇಕಾದ 52 ನಿಮಿಷ ಇಲ್ಲಿ 79 ಆಗುತ್ತದೆ. ಆ 27 ನಿಮಿಷದ ನೀರು ಹುಲ್ಲಿನ ಹಸಿವಿಗೆ ಹೋಗುವುದಲ್ಲ, ಹಂಚಿಕೆಯ ದೋಷಕ್ಕೆ ಕಟ್ಟುವ ದಂಡ.

ರಿಪೇರಿ ದೊಡ್ಡದೇನಲ್ಲ. ಮೂಲೆಗಳಿಗೆ ಸಣ್ಣ ನಾಝಲ್, ನಡುವಿಗೆ ದೊಡ್ಡದು. ಸ್ಪ್ರೇ ಹೆಡ್ ತೆಗೆದು ಉಳಿದವುಗಳ ಜಾತಿಯ ರೋಟರ್. ವಾಲಿದ ಹೆಡ್ಡಿನ ಸುತ್ತ ಅಗೆದು, ಕೆಳಗೆ ಬಾಗುವ ಜಾಯಿಂಟ್ ಹಾಕಿ ನೇರ ನಿಲ್ಲಿಸಿದೆವು. ಮತ್ತೆ ಚಕ್ರ ಹತ್ತಿದರೆ ಪೈಪ್ ಮುರಿಯುವ ಬದಲು ಜಾಯಿಂಟ್ ಬಾಗುತ್ತದೆ. ದೊಡ್ಡ ನಾಝಲ್ 9 ಮೀಟರಿಗಿಂತ ಜಾಸ್ತಿ ಎಸೆಯುತ್ತದೆ, ಅದನ್ನು ಮೇಲಿನ ಸ್ಕ್ರೂ ಬಿಗಿದು ಕಡಿಮೆ ಮಾಡಬೇಕು. ಆದರೆ ಎಸೆತದ ಕಾಲು ಭಾಗಕ್ಕಿಂತ ಹೆಚ್ಚು ಕಡಿತ ಮಾಡಿದರೆ ನೀರಿನ ಧಾರೆಯೇ ಚದುರಿ, ಹೊಸ ತಲೆನೋವು ಶುರುವಾಗುತ್ತದೆ.

ಮತ್ತೆ ಅದೇ ಡಬ್ಬಿ, ಅದೇ ಜಾಗ, ಅದೇ 30 ನಿಮಿಷ. ಸರಾಸರಿ 48ಕ್ಕೆ ಇಳಿಯಿತು. ಕೆಳಗಿನ ಆರು ಡಬ್ಬಿಯ ಸರಾಸರಿ 34ಕ್ಕೆ ಏರಿತು. ಡಿಯು 0.71. ಒಟ್ಟು ನೀರು ಕಡಿಮೆಯಾಗಿ, ಒಣ ಜಾಗಕ್ಕೆ ಜಾಸ್ತಿ ಬಿತ್ತು. ಝೋನಿನ ಹರಿವು ನಿಮಿಷಕ್ಕೆ 61.4 ಲೀಟರ್ ಇದ್ದದ್ದು 54.4 ಆಯಿತು. ಹೊಸ ಲೆಕ್ಕದಲ್ಲಿ ಮೂರು ದಿನಕ್ಕೊಮ್ಮೆ 68 ನಿಮಿಷ.

ಆದರೆ 68 ನಿಮಿಷ ಒಟ್ಟಿಗೇ ಬಿಟ್ಟರೆ ಈ ಮಣ್ಣು ಕುಡಿಯುವುದಿಲ್ಲ. ಜೇಡಿ ಬೆರೆತ ಗೋಡು ಗಂಟೆಗೆ 5ರಿಂದ 10 ಮಿ.ಮೀ. ಹೀರಿಕೊಳ್ಳುತ್ತದೆ. ನಮ್ಮ ಹೆಡ್‌ಗಳು ಬೀಳಿಸುವುದು 9.6. ಅರ್ಧ ಗಂಟೆ ಕಳೆದ ಮೇಲೆ ಕಾಲುದಾರಿಯ ಕಡೆಗೆ ನೀರು ಹರಿಯುವುದು ಕಂಡಿತು. ಅದಕ್ಕೆ 23 ನಿಮಿಷದ ಮೂರು ಸರದಿ ಮಾಡಿದೆವು, ನಡುವೆ ಒಂದೊಂದು ಗಂಟೆ ಬಿಡುವು. ಆ ಬಿಡುವಿನಲ್ಲಿ ಬೇರೆ ಝೋನ್‌ಗಳು ಓಡುತ್ತವೆ. ಟೈಮರಿನಲ್ಲಿ ಒಂದೇ ಪ್ರೋಗ್ರಾಮಿಗೆ ಮೂರು ಸ್ಟಾರ್ಟ್ ಟೈಮ್ ಕೊಟ್ಟರೆ ಆಯಿತು. ಈ ಸೌಲಭ್ಯ ಟೈಮರಿನಲ್ಲಿ ಮೊದಲಿನಿಂದಲೂ ಇತ್ತು, ಯಾರೂ ಮುಟ್ಟಿರಲಿಲ್ಲ ಅಷ್ಟೆ.

ಮೂರನೇ ಝೋನಿಗೆ ಮೊದಲು ಮೂರು ದಿನಕ್ಕೆ ಹೋಗುತ್ತಿದ್ದದ್ದು ಸುಮಾರು 7,370 ಲೀಟರ್. ಈಗ 3,750. ಉಳಿತಾಯದಲ್ಲಿ ಯಾವುದರ ಪಾಲು ಎಷ್ಟು ಅಂತ ಕಾರ್ಯದರ್ಶಿ ಕೇಳಿದರು. ಒಳ್ಳೆಯ ಪ್ರಶ್ನೆ. ಏನೂ ರಿಪೇರಿ ಮಾಡದೆ ಬರೀ ಟೈಮರನ್ನು 79 ನಿಮಿಷಕ್ಕೆ ಇಟ್ಟಿದ್ದರೂ 4,850ಕ್ಕೆ ಇಳಿಯುತ್ತಿತ್ತು. ಅಂದರೆ ಉಳಿತಾಯದ ದೊಡ್ಡ ಪಾಲು ಟೈಮರಿನದು. ಹಾಗಾದರೆ ನಾಝಲ್ ಯಾಕೆ ಬೇಕಿತ್ತು? ಆ 79 ನಿಮಿಷದಲ್ಲಿ 14ರ ಡಬ್ಬಿಯ ಜಾಗಕ್ಕೆ 3.7 ಮಿ.ಮೀ. ಅಷ್ಟೇ ಬೀಳುತ್ತಿತ್ತು, ಬೇಕಾದ್ದು 9. ನಡುಭಾಗದ ಹುಲ್ಲು ಪೂರ್ತಿ ಸಾಯುತ್ತಿತ್ತು. ಯಾರೋ ಮತ್ತೆ ಟೈಮರ್ ಏರಿಸುತ್ತಿದ್ದರು. ನಾಝಲ್ ಸರಿಯಿಲ್ಲದೆ ಟೈಮರ್ ಇಳಿಸಿದರೆ ಅದು ಇಳಿದ ಜಾಗದಲ್ಲಿ ನಿಲ್ಲುವುದಿಲ್ಲ.

ಎರಡನೇ ಝೋನಿನ ವಾಲ್ವ್ ಮೂರು ದಿನಕ್ಕೆ ಸುಮ್ನೆ ಚೆಲ್ಲುತ್ತಿದ್ದದ್ದು 3,450 ಲೀಟರ್. ಮೂರನೇ ಝೋನಿಗೆ ಈಗ ಬೇಕಾಗುವ ನೀರಿಗೆ ಹತ್ತಿರ ಹತ್ತಿರ. ಒಂದು ಹರಳು, ಒಂದು ಪಿವಿಸಿ ಚೂರು ಸೇರಿ ಮಾಡಿದ ಕೆಲಸ.

ಕಾಲುದಾರಿ ಪಕ್ಕದ ಒಂದನೇ ಝೋನ್ ಸ್ಪ್ರೇ ಹೆಡ್‌ಗಳದ್ದು. ಅಲ್ಲಿ ಒತ್ತಡ 4.1 ಬಾರ್ ಇತ್ತು. ಸ್ಪ್ರೇ ಹೆಡ್ಡಿಗೆ ಬೇಕಾದ್ದು 2.1. ಒತ್ತಡ ಜಾಸ್ತಿಯಾದರೆ ನೀರು ಹನಿಯಾಗಿ ಬೀಳದೆ ಮಂಜಾಗಿ ಹಾರುತ್ತದೆ, ಅದನ್ನು ಗಾಳಿ ಎತ್ತಿಕೊಂಡು ಹೋಗುತ್ತದೆ. ವಾಲ್ವಿನ ಫ್ಲೋ ಕಂಟ್ರೋಲ್ ತಿರುಗಿಸಿ ಸದ್ಯಕ್ಕೆ ತಗ್ಗಿಸಿದ್ದೇವೆ. ಅದು ಒರಟು ಉಪಾಯ. ಒಳಗೇ ಒತ್ತಡ ಹಿಡಿದಿಡುವ ಹೆಡ್‌ಗಳನ್ನು ಹಾಕಿ ಅಂತ ಬರೆದುಕೊಟ್ಟಿದ್ದೇವೆ.

ಮೂರನೇ ಝೋನಿನ ನಡುಭಾಗ ಹಸಿರಾಗತೊಡಗಿತು, ಒಂದು ಚಾಪೆಯಷ್ಟು ಜಾಗ ಬಿಟ್ಟು. ಅಲ್ಲಿ ಡಬ್ಬಿಯಲ್ಲಿ ನೀರು ಸರಿಯಾಗೇ ಬಿದ್ದಿತ್ತು, ಸ್ಕ್ರೂಡ್ರೈವರ್ ಮಾತ್ರ ಇಳಿಯುತ್ತಿರಲಿಲ್ಲ. ಅಗೆದು ನೋಡಿದರೆ ನಾಲ್ಕು ಬೆರಳು ಮಣ್ಣಿನ ಕೆಳಗೆ ಸಿಮೆಂಟ್ ಗಾರೆಯ ಹೆಂಟೆಗಳು, ಒಡೆದ ಟೈಲ್ಸ್. ಕಟ್ಟಡ ಕಟ್ಟಿದಾಗ ಮುಚ್ಚಿಹಾಕಿದ್ದು. ಅದಕ್ಕೆ ನೀರಿನಲ್ಲಿ ಪರಿಹಾರ ಇಲ್ಲ, ಗುದ್ದಲಿಯಲ್ಲಿದೆ. ಇನ್ನಷ್ಟು ಹೊಂದಿಸಿ ಡಿಯುವನ್ನು 0.80ಕ್ಕೆ ಏರಿಸಬಹುದಾ ಅಂತಲೂ ಮಾತು ಬಂತು. ಬೇಡ ಅಂದೆವು. ಅಷ್ಟು ಏರಿಸಬೇಕಾದರೆ ಹೆಡ್‌ಗಳ ಜಾಗವನ್ನೇ ಬದಲಿಸಬೇಕು, ಉಳಿಯುವುದು ಒಂದು ಸಲಕ್ಕೆ ನಾಲ್ಕೈದು ನಿಮಿಷ.

ಮಾಲಿಗೆ ನಾವು ಕೊಟ್ಟಿದ್ದು ಒಂದು ಹಾಳೆ, ಟೈಮರ್ ಬಾಗಿಲಿನ ಒಳಗೆ ಅಂಟಿಸುವಂಥದ್ದು. ಯಾವ ಹೆಡ್ಡಿಗೆ ಯಾವ ನಾಝಲ್ ಅನ್ನುವ ನಕ್ಷೆ, ಪ್ರತಿ ಝೋನಿನ ಓಮ್, ಒತ್ತಡ, ನಿಮಿಷಕ್ಕೆ ಎಷ್ಟು ಲೀಟರ್. ಜೊತೆಗೆ ಮೂಲೆಗೆ ಎರಡು, ಬದಿಗೆ ಎರಡು, ನಡುವಿಗೆ ಒಂದು ಬಿಡಿ ನಾಝಲ್, ಬೇರೆ ಬೇರೆ ಪೊಟ್ಟಣದಲ್ಲಿ.